ಒಂದೇ ದೇಶದ ಆರ್ಥಿಕತೆಯನ್ನು ಅಧ್ಯಯನ ಮಾಡಿ ಅರ್ಥಶಾಸ್ತ್ರಜ್ಞರಿಗೆ ಏನು ಸಿಗುತ್ತದೆ?

ಹತ್ತಾರು ದೇಶಗಳ ಸರಾಸರಿ ತೆಗೆದರೆ ಏನಾಯಿತು ಎಂಬುದು ಗೊತ್ತಾಗುತ್ತದೆ. ಹೇಗಾಯಿತು ಎಂದು ತಿಳಿಯಲು ಒಂದು ದೇಶದ ಬೆನ್ನು ಹತ್ತಲೇಬೇಕು. ಜಪಾನನ್ನೇ ನೋಡಿ. 1989ರ ಕೊನೆಗೆ ಅಲ್ಲಿನ ಷೇರುಪೇಟೆ ತುತ್ತತುದಿ ಮುಟ್ಟಿ ಕುಸಿಯಿತು, ಹಿಂದೆಯೇ ಜಮೀನಿನ ಬೆಲೆಯೂ ಬಿತ್ತು. ಸಾಲದಲ್ಲಿ ಮುಳುಗಿದ್ದ ಎಷ್ಟೋ ಕಂಪನಿಗಳು ಲಾಭ ಬಂದರೂ ಹೊಸ ಯಂತ್ರ ಕೊಳ್ಳದೆ ಹಳೇ ಸಾಲ ತೀರಿಸುತ್ತಾ ಕುಳಿತವು. 1999ರಲ್ಲಿ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ಸೊನ್ನೆಗೆ ಇಳಿಸಿದರೂ ಹೂಡಿಕೆ ಚಿಗುರಲಿಲ್ಲ. ಬಡ್ಡಿ ಇಳಿಸುವ ಮದ್ದು ಯಾವಾಗ ಕೈಕೊಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. 2008ರ ನಂತರ ಅಮೆರಿಕದಲ್ಲೂ ಬಡ್ಡಿ ಸೊನ್ನೆಯ ಹತ್ತಿರ ಬಂದಾಗ ಈ ಅಧ್ಯಯನಗಳ ಬೆಲೆ ತಿಳಿಯಿತು.

ಆದರೆ ಜಪಾನಿನ ಜನಸಂಖ್ಯೆಗೆ ಬೇಗ ವಯಸ್ಸಾಗುತ್ತಿತ್ತು. ಹೂಡಿಕೆ ಚಿಗುರದೆ ಹೋದದ್ದರಲ್ಲಿ ಅದರ ಪಾಲೆಷ್ಟು, ಸಾಲದ ಪಾಲೆಷ್ಟು ಎಂದು ಬಿಡಿಸಲು ಬೇರೆ ದೇಶಗಳ ಹೋಲಿಕೆ ಬೇಕೇ ಬೇಕು.