ಆಡಿಯೋ ಕಂಪನಿಯವರ ಕಿವಿಗೆ ನಮ್ಮ ಹಾಡು ಬೀಳೋದು ಹೇಗೆ?

ಪ್ರಶ್ನೆ: ನಾವು ಐದು ಜನ ಗೆಳೆಯರು, ಮೂರು ವರ್ಷದಿಂದ ಬ್ಯಾಂಡ್ ನಡೆಸುತ್ತಿದ್ದೇವೆ. ನಾಲ್ಕು ಸ್ವಂತ ಹಾಡುಗಳಿವೆ. ಶಿಶುನಾಳ ಶರೀಫರ ಒಂದು ಪದವನ್ನೂ ನಮ್ಮದೇ ಶೈಲಿಯಲ್ಲಿ ಮಾಡಿದ್ದೇವೆ. ಬೆಂಗಳೂರಿನ ಆರು ಆಡಿಯೋ ಕಂಪನಿಗಳಿಗೆ ಮೇಲ್ ಕಳಿಸಿದೆವು. ಒಬ್ಬರೂ ಉತ್ತರ ಕೊಡಲಿಲ್ಲ. ಈಗ ಒಬ್ಬರು ಸಿಕ್ಕಿದ್ದಾರೆ. ಒಂದೂವರೆ ಲಕ್ಷ ಕೊಟ್ಟರೆ ಲೇಬಲ್‌ನವರು (ಆಡಿಯೋ ಕಂಪನಿಯವರು) ತಾವಾಗಿ ಹುಡುಕಿಕೊಂಡು ಬರುವಷ್ಟು ಸ್ಟ್ರೀಮ್ಸ್, ಅಂದರೆ ಆನ್‌ಲೈನ್‌ನಲ್ಲಿ ಹಾಡು ಕೇಳಿದ ಲೆಕ್ಕ, ತರಿಸುತ್ತೇವೆ ಅನ್ನುತ್ತಾರೆ. ಕೊಡಬಹುದಾ? ಬೆಂಗಳೂರಿಗೇ ಬಂದು ಇರಬೇಕಾ?
— ಬ್ಯಾಂಡ್ ಗೆಳೆಯರು, ಹುಬ್ಬಳ್ಳಿ

ಉತ್ತರ: ಮೊದಲು ಆ ಒಂದೂವರೆ ಲಕ್ಷದ ಮಾತು. ಕೊಡಬೇಡಿ. ಹಾಗೆ ತರಿಸುವ ಸ್ಟ್ರೀಮ್ಸ್ ಕೇಳುಗರದ್ದಲ್ಲ, ಯಂತ್ರಗಳದ್ದು. ಸ್ಪಾಟಿಫೈಯಂಥ, ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಕಂಪನಿಗಳು ಅದನ್ನು ಹಿಡಿದು ಎಣಿಕೆಯಿಂದ ತೆಗೆಯುತ್ತವೆ. 2024ರಿಂದ ಸ್ಪಾಟಿಫೈ ಇಂಥ ಹಾಡುಗಳಿಗೆ ದಂಡವನ್ನೂ ಹಾಕುತ್ತಿದೆ. ದಂಡ ಬೀಳೋದು ನಿಮ್ಮ ಹಾಡನ್ನು ಸ್ಪಾಟಿಫೈಗೆ ತಲುಪಿಸಿದ ಸಂಸ್ಥೆಗೆ, ಅವರು ಅದನ್ನು ನಿಮ್ಮ ತಲೆಗೆ ಕಟ್ಟಬಹುದು, ಹಾಡನ್ನೇ ತೆಗೆದುಹಾಕಲೂಬಹುದು. ಇನ್ನೊಂದು ವಿಷಯ. ಲೇಬಲ್‌ನಲ್ಲಿ ಕೂತವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತದೆ. ಒಂದು ಹಾಡಿಗೆ ಎರಡು ಲಕ್ಷ ಸ್ಟ್ರೀಮ್ಸ್, ಕೆಳಗೆ ಕಮೆಂಟು ಹನ್ನೊಂದು, ಕೇಳಿದ ಊರುಗಳಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಇಲ್ಲ ಅಂದ್ರೆ ಯಾರು ನಂಬುತ್ತಾರೆ?

ಇನ್ನು, ಉತ್ತರ ಯಾಕೆ ಬರಲಿಲ್ಲ? ನಾನು ಒಂಬತ್ತು ವರ್ಷ ಒಂದು ಆಡಿಯೋ ಕಂಪನಿಯಲ್ಲಿ ಇದ್ದೆ. ಬಂದ ಡೆಮೊಗಳನ್ನು (ತಂಡಗಳು ಕಳಿಸುವ ಮಾದರಿ ಹಾಡುಗಳನ್ನು) ಕೇಳೋದು ನನ್ನ ಕೆಲಸದಲ್ಲಿ ಒಂದು. ಒಂದೇ ಅಲ್ಲ, ಹತ್ತರಲ್ಲಿ ಒಂದು. ಕನ್ನಡದಲ್ಲಿ ಆಡಿಯೋ ಕಂಪನಿಗಳ ಮುಖ್ಯ ವ್ಯಾಪಾರ ಸಿನಿಮಾ ಹಾಡು. ಅದರ ಜೊತೆಗೆ ಭಕ್ತಿಗೀತೆ, ಜನಪದ, ಭಾವಗೀತೆ. ಬ್ಯಾಂಡ್ ಮೇಲ್ ತೆರೆಯೋದು ಅದೆಲ್ಲ ಮುಗಿದ ಮೇಲೆ, ಸಂಜೆ ಆರರ ಹೊತ್ತಿಗೆ. ಲಗತ್ತಿಸಿದ ಫೈಲಿನ ಹೆಸರು ‘ಫೈನಲ್ ಮಿಕ್ಸ್ 3’. ಯಾವ ಬ್ಯಾಂಡ್, ಯಾವ ಹಾಡು ಅಂತಿಲ್ಲ. ಒತ್ತಿದರೆ ಐವತ್ತು ಸೆಕೆಂಡ್ ಗಿಟಾರ್ ಒಂದೇ. ದನಿ ಬರುವಷ್ಟರಲ್ಲಿ ಫೋನ್ ಬರುತ್ತದೆ. ವಾಪಸ್ ಬಂದಾಗ ಮುಂದಿನ ಮೇಲ್ ತೆರೆದಿರುತ್ತೇನೆ. ಒಳ್ಳೆಯ ಹಾಡುಗಳನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ, ಆ ಬೇಜಾರು ಈಗಲೂ ಇದೆ.

ಹಾಗಾದರೆ ನಾನು ಬೆನ್ನು ಹತ್ತಿ ಹೋದ ಬ್ಯಾಂಡ್ ಯಾವುದು? ದಾವಣಗೆರೆಯ ಒಂದು ಕಾಲೇಜು ಹಬ್ಬಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಹುಡುಗರು ಸ್ವಂತ ಹಾಡು ಹಾಡುತ್ತಿದ್ದರು. ಎರಡನೇ ಚರಣದ ಹೊತ್ತಿಗೆ ಕರೆಂಟ್ ಹೋಯಿತು. ಗಿಟಾರ್, ಮೈಕ್ ಎಲ್ಲ ಸತ್ತವು. ಡೋಲಕ್ ಹುಡುಗ ಮಾತ್ರ ನಿಲ್ಲಿಸಲಿಲ್ಲ. ಮುಂದಿನ ಸಾಲುಗಳಲ್ಲಿ ಕೂತಿದ್ದ ಮಕ್ಕಳು ಪಲ್ಲವಿ ಎತ್ತಿಕೊಂಡರು, ಕತ್ತಲಲ್ಲೇ ಪೂರ್ತಿ ಹಾಡಿ ಮುಗಿಸಿದರು. ಆ ಹಾಡು ಆಗ ಎಲ್ಲೂ ಬಿಡುಗಡೆ ಆಗಿರಲಿಲ್ಲ. ಈ ಮಕ್ಕಳಿಗೆ ಹೇಗೆ ಬಾಯಿಪಾಠ ಅಂತ ಕೇಳಿದೆ. ‘ಹೋದ ತಿಂಗಳು ಹಾಸ್ಟೆಲ್ ಡೇಗೆ ಬಂದಿದ್ರು ಸರ್, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡ್ವಿ’ ಅಂದರು. ಅವತ್ತು ರಾತ್ರಿಯೇ ನಮ್ಮ ಆಫೀಸಿಗೆ ಫೋನ್ ಮಾಡಿದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಲೇಬಲ್ ಹುಡುಕುವುದು ಹಾಡನ್ನಲ್ಲ, ಹಾಡಿನ ಸುತ್ತ ಈಗಾಗಲೇ ಸೇರಿರುವ ಜನರನ್ನು. ಆ ಜನ ಲಕ್ಷಗಟ್ಟಲೆ ಇರಬೇಕಾಗಿಲ್ಲ. ನಿಮ್ಮ ಮನೆಯವರಲ್ಲದ, ಕ್ಲಾಸ್‌ಮೇಟ್‌ಗಳಲ್ಲದ ಇನ್ನೂರು ಜನ ಎರಡನೇ ಸಲ ಬಂದರೂ ಅದು ದೊಡ್ಡ ಸುದ್ದಿಯೇ.

ಹಿಂದಿನವರನ್ನೇ ನೋಡಿ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅದನ್ನು ತಮ್ಮ ಲೇಬಲ್‌ನಿಂದ ತಂದರು. ಅಷ್ಟು ಹೊತ್ತಿಗೆ ರಘು ಎಷ್ಟೋ ವರ್ಷ ವೇದಿಕೆ ಮೇಲೆ ಹಾಡಿ ಆಗಿತ್ತು. ಆ ಆಲ್ಬಂನಲ್ಲೂ ಶರೀಫರ ಪದವಿತ್ತು, ನಿಮ್ಮ ಹಾಗೆಯೇ. ಸ್ವರಾತ್ಮ ತಂಡ ಹೆಚ್ಚು ಜನರಿಗೆ ಗೊತ್ತಾಗಿದ್ದು 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದ ಮೇಲೆ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ್ದು ಇನ್ನೊಂದು ದಾರಿ. ಸ್ವಂತವಾಗಿಯೇ ಹಾಡು ತಂದು, ಕೇಳುಗರನ್ನು ನೇರವಾಗಿ ಸಂಪಾದಿಸಿಕೊಂಡರು. ಲೇಬಲ್ ಇಲ್ಲದೆಯೂ ಬಾಳಬಹುದು ಅನ್ನೋದಕ್ಕೆ ಅವರೇ ಸಾಕ್ಷಿ.

ಹಾಗಾಗಿ ಬೆಂಗಳೂರಿನ ಬಾಡಿಗೆಗೆ ದುಡ್ಡು ಸುರಿಯಬೇಡಿ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ, ಈ ನಾಲ್ಕು ಊರು ನಿಮಗೆ ಸಾಕು. ನವೆಂಬರ್ ಇಡೀ ತಿಂಗಳು ರಾಜ್ಯೋತ್ಸವದ ವೇದಿಕೆಗಳಿರುತ್ತವೆ. ಗಣೇಶನ ಹಬ್ಬದಲ್ಲಿ ಗಲ್ಲಿಗೊಂದು ಪೆಂಡಾಲ್. ಅಲ್ಲಿ ಸಿನಿಮಾ ಹಾಡು ಹಾಡಿ ಅಂತಾರೆ, ಹಾಡಿ. ಆದರೆ ಪ್ರತಿ ಮೂರನೇ ಹಾಡು ನಿಮ್ಮದೇ ಇರಲಿ. ಹೆಸರು ಹೇಳಿ, ಯೂಟ್ಯೂಬ್‌ನಲ್ಲಿ ಎಲ್ಲಿ ಸಿಗುತ್ತದೆ ಅಂತ ಹೇಳಿ, ಆಮೇಲೆ ಹಾಡಿ. ಸಂಕೋಚ ಬೇಡ.

ಮತ್ತೆ ಮೇಲ್ ಕಳಿಸುವಾಗ ನಾಲ್ಕೂ ಹಾಡು ಕಳಿಸಬೇಡಿ, ಒಂದು ಸಾಕು. ಮೊದಲ ಹದಿನೈದು ಸೆಕೆಂಡಿನಲ್ಲಿ ದನಿ ಕೇಳಿಸುವ ಹಾಡು ಆರಿಸಿ. ದೊಡ್ಡ ಫೈಲ್ ಅಂಟಿಸದೆ, ಒತ್ತಿದರೆ ಕೇಳಿಸುವ ಲಿಂಕ್ ಕೊಡಿ. ಕೆಳಗೆ ಎರಡು ಸಾಲು: ಎಲ್ಲಿ ಹಾಡಿದಿರಿ, ಎಷ್ಟು ಜನ ಬಂದರು. ಜನ ಜೊತೆಗೆ ಹಾಡುವ ಒಂದು ನಿಮಿಷದ ಮೊಬೈಲ್ ವಿಡಿಯೋ ಇದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಶಿಫಾರಸು. ‘ನಮ್ಮದು ವಿಭಿನ್ನ ಪ್ರಯತ್ನ, ಪ್ರೋತ್ಸಾಹಿಸಿ’ ಅನ್ನುವ ಸಾಲು ತೆಗೆಯಿರಿ. ಪ್ರತಿ ಮೇಲ್‌ನಲ್ಲೂ ಅದೇ ಇರುತ್ತದೆ. ಕಂಪನಿಯ ಸಾಮಾನ್ಯ ವಿಳಾಸಕ್ಕಿಂತ, ಅಲ್ಲಿ ಡಿಜಿಟಲ್ ಕೆಲಸ ನೋಡುವವರು ಯಾರು ಅಂತ ಕೇಳಿ ತಿಳಿದು, ಅವರಿಗೆ ಬರೆಯಿರಿ.

ಇನ್ನು ಶರೀಫರ ಪದ. ಇಲ್ಲಿ ತುಂಬಾ ತಂಡಗಳು ಎಡವುತ್ತವೆ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಮಟ್ಟುಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ಅವರದ್ದು. ಅವರು ತೀರಿಕೊಂಡಿದ್ದು 2009ರಲ್ಲಿ. ನಮ್ಮ ಕಾನೂನಿನಲ್ಲಿ ಸಾಹಿತ್ಯಕ್ಕೂ ಸಂಗೀತಕ್ಕೂ ಹಕ್ಕು ಇರೋದು ಕರ್ತೃ ತೀರಿಕೊಂಡು 60 ವರ್ಷದವರೆಗೆ. ಆದ್ದರಿಂದ ಮಟ್ಟು ಅವರದ್ದಾಗಿದ್ದರೆ ಅನುಮತಿ ಬೇಕು. ಭಜನೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಮಟ್ಟು, ಇಲ್ಲವೇ ನಿಮ್ಮದೇ ಮಟ್ಟು ಆದರೆ ತೊಂದರೆಯಿಲ್ಲ. ಬೇಂದ್ರೆ, ಕುವೆಂಪು ಅವರ ಕವಿತೆಗಳಾದರೆ ಪದಕ್ಕೇ ಅನುಮತಿ ಬೇಕು. ಬೇಂದ್ರೆಯವರ ಹಕ್ಕು 2041ರವರೆಗೆ ಇದೆ. ಲೇಬಲ್‌ನವರು ಮೊದಲ ಭೇಟಿಯಲ್ಲೇ ‘ರೈಟ್ಸ್ ಕ್ಲಿಯರ್ ಇದೆಯಾ’ ಅಂತ ಕೇಳುತ್ತಾರೆ. ನಿಮ್ಮ ನಿಮ್ಮಲ್ಲೂ ಒಂದು ಹಾಳೆ ಮಾಡಿಕೊಳ್ಳಿ. ಯಾವ ಹಾಡಿನ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಬಂದ ದುಡ್ಡು ಹೇಗೆ ಹಂಚಿಕೆ ಅಂತ ಬರೆದು ಐದೂ ಜನ ಸಹಿ ಹಾಕಿ. ಸ್ನೇಹ ಚೆನ್ನಾಗಿರುವಾಗಲೇ ಮಾಡಬೇಕಾದ ಕೆಲಸ ಇದು.

ಕೊನೆಗೆ ಯಾರಾದರೂ ಕರೆದರೆ ಏನು? ಇದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಮ್ಮ ಬ್ಯಾಂಡಿಗೂ ಒಂದು ಕಂಪನಿಯಿಂದ ಕರೆ ಬಂತು. ಟೇಬಲ್ ಮೇಲೆ ನಾಲ್ಕು ಪುಟದ ಕಾಗದ, ಪಕ್ಕದಲ್ಲಿ ಪೆನ್ನು. ಓದದೆ ಸಹಿ ಹಾಕಿದೆವು. ಆರು ಹಾಡು ಶಾಶ್ವತವಾಗಿ, ಜಗತ್ತಿನಾದ್ಯಂತ ಅವರದ್ದಾದವು. ಅವರು ಬಿಡುಗಡೆಯನ್ನೂ ಮಾಡಲಿಲ್ಲ, ನಮಗೂ ಮಾಡಲು ಬಿಡಲಿಲ್ಲ. ಆ ಆರರಲ್ಲಿ ಒಂದನ್ನು ನಾನು ನಮ್ಮಮ್ಮನಿಗಾಗಿ ಬರೆದಿದ್ದೆ.

ನೀವು ಹಾಗೆ ಮಾಡಬೇಡಿ. ಸ್ಟುಡಿಯೋ ಖರ್ಚು ನಿಮ್ಮದೇ ಆಗಿದ್ದರೆ ಆ ಮಾಸ್ಟರ್ ರೆಕಾರ್ಡಿಂಗ್, ಅಂದರೆ ಹಾಡಿನ ಮೂಲ ಧ್ವನಿಮುದ್ರಣ, ನಿಮ್ಮದು. ಅದನ್ನು ಪೂರ್ತಿ ಬರೆದುಕೊಡುವ ಬದಲು ಮೂರು ಅಥವಾ ಐದು ವರ್ಷಕ್ಕೆ ಲೈಸೆನ್ಸ್ (ಬಳಸುವ ಅನುಮತಿ) ಕೊಡುತ್ತೇವೆ ಅಂತ ಕೇಳಿ ನೋಡಿ. ಹಕ್ಕು ಬರೆದುಕೊಡುವ ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಅಂತ, ಯಾವ ಪ್ರದೇಶ ಅಂತ ಇಲ್ಲದಿದ್ದರೆ ಭಾರತ ಮಾತ್ರ ಅಂತ ತಿಳಿಯುತ್ತದೆ. ‘ಶಾಶ್ವತ’ ಅನ್ನೋ ಪದ ಕಾಗದದಲ್ಲಿ ಯಾಕೆ ಇರುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ತಮ್ಮ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಆ ಪಾಲು ಕೈಗೆ ಬರಬೇಕಾದರೆ ಸಾಹಿತ್ಯ, ಸಂಗೀತದ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಮಾಡಿಸಿಕೊಳ್ಳಿ.

ಪ್ರಶ್ನೆ: ನಾವು ಹಾಡಿದ ಹಳೆಯ ಸಿನಿಮಾ ಹಾಡಿಗೆ ಯೂಟ್ಯೂಬ್‌ನಲ್ಲಿ 3 ಲಕ್ಷ ವ್ಯೂಸ್ ಬಂದಿದೆ. ಸ್ವಂತ ಹಾಡಿಗೆ ಬರೀ 4 ಸಾವಿರ. ಲೇಬಲ್‌ಗೆ ಯಾವುದನ್ನು ತೋರಿಸಬೇಕು?
— ಓದುಗರು, ಶಿವಮೊಗ್ಗ

ಉತ್ತರ: ಸ್ವಂತದ್ದನ್ನೇ. ಸಿನಿಮಾ ಹಾಡಿನ ಹಕ್ಕು ಇನ್ನೊಬ್ಬರದ್ದು. ಅವರು ಯೂಟ್ಯೂಬ್‌ನಲ್ಲಿ ‘ಇದು ನಮ್ಮದು’ ಅಂತ ಕ್ಲೇಮ್ ಹಾಕಿದರೆ ಜಾಹೀರಾತಿನ ದುಡ್ಡೂ ಅವರಿಗೇ ಹೋಗುತ್ತದೆ. ಹೊಸ ಲೇಬಲ್‌ಗೆ ಅದರಿಂದ ಏನೂ ಸಿಗೋದಿಲ್ಲ. ಆದರೆ ಆ 3 ಲಕ್ಷವನ್ನು ಸುಮ್ನೆ ಬಿಡಬೇಡಿ. ಆ ವಿಡಿಯೋದ ಮೊದಲ ಕಮೆಂಟಿನಲ್ಲಿ ಸ್ವಂತ ಹಾಡಿನ ಲಿಂಕ್ ಹಾಕಿ ಪಿನ್ ಮಾಡಿ. ಮುಂದಿನ ಸ್ವಂತ ಹಾಡನ್ನು ಬಿಡುಗಡೆಗೆ ಎರಡು ವಾರ ಮೊದಲೇ ಸ್ಪಾಟಿಫೈಗೆ ಸೇರಿಸಿ. ಅವರ ಪ್ಲೇಲಿಸ್ಟ್ ತಂಡಕ್ಕೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲೇ ಹಾಡು ಕಳಿಸಬೇಕು.

ಪ್ರಶ್ನೆ: ಮಗಳಿಗೆ 17 ವರ್ಷ, ಬ್ಯಾಂಡ್‌ನಲ್ಲಿ ಹಾಡುತ್ತಾಳೆ. ಒಂದು ಕಂಪನಿಯವರು ಈ ವಾರವೇ ಬಂದು ಸಹಿ ಹಾಕಲಿ ಅನ್ನುತ್ತಿದ್ದಾರೆ. ಕಳಿಸಲಾ?
— ತಾಯಿಯೊಬ್ಬರು, ಮಂಗಳೂರು

ಉತ್ತರ: 18 ತುಂಬದವರ ಸಹಿಗೆ ಒಪ್ಪಂದದ ಕಾನೂನಿನಲ್ಲಿ ಬೆಲೆಯಿಲ್ಲ. ಅದು ಗೊತ್ತಿದ್ದೂ ಅವಳಿಂದಲೇ ಸಹಿ ಕೇಳುತ್ತಿದ್ದರೆ ಆ ಕಂಪನಿ ಬಗ್ಗೆ ಅಷ್ಟರಲ್ಲೇ ತಿಳಿಯಿತು. ನಿಮ್ಮ ಸಹಿ ಕೇಳಿದರೂ ಅವಸರ ಬೇಡ. ಕಾಗದದ ಪ್ರತಿ ಮನೆಗೆ ತರಿಸಿಕೊಳ್ಳಿ, ಕಾಪಿರೈಟ್ ಗೊತ್ತಿರುವ ವಕೀಲರಿಗೆ ತೋರಿಸಿ. ಮಗಳನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ, ಹಾಡು ಅವಳದ್ದು ತಾನೆ. ಪ್ರತಿ ಕೊಡಲ್ಲ ಅಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.