ಸ್ಪೈಡರ್‌ಮ್ಯಾನ್‌ನ ಮೊದಲ ಚಿತ್ರಕಾರ ಸ್ಟೀವ್ ಡಿಟ್ಕೊ. ಹಾಗಿದ್ರೂ ಜಾನ್ ರೊಮಿಟಾ ಸೀನಿಯರ್ ಅವರನ್ನು ಅಷ್ಟು ಹೊಗಳೋದು ಯಾಕೆ?

ಇವತ್ತು ನಮ್ಮ ಕಣ್ಣಿಗೆ ಕಟ್ಟಿರುವ ಪೀಟರ್ ಪಾರ್ಕರ್ (ಮುಖವಾಡದ ಹಿಂದಿನ ಸ್ಪೈಡರ್‌ಮ್ಯಾನ್) ಬಹುಪಾಲು ರೊಮಿಟಾ ಚಿತ್ರಿಸಿದ ಪೀಟರ್. ಅದಕ್ಕೇ.

1966ರಲ್ಲಿ ಡಿಟ್ಕೊ ಬಿಟ್ಟುಹೋದ ಮೇಲೆ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಕಾಮಿಕ್ಸ್ ಅನ್ನು 39ನೇ ಸಂಚಿಕೆಯಿಂದ ರೊಮಿಟಾ ಕೈಗೆತ್ತಿಕೊಂಡರು. ಅದಕ್ಕೂ ಮೊದಲು ವರ್ಷಗಟ್ಟಲೆ ಚಿತ್ರ ಬರೆದದ್ದು ಪ್ರೇಮಕಥೆಗಳ ಕಾಮಿಕ್ಸ್‌ಗೆ! ಆ ಅನುಭವವೇ ಇಲ್ಲಿ ಕೆಲಸಕ್ಕೆ ಬಂತು. ಮುಖಭಾವ, ಕೂದಲು, ಬಟ್ಟೆ, ನಿಲ್ಲುವ ಭಂಗಿ, ಎಲ್ಲದರಲ್ಲೂ ಜೀವ. ಅಲ್ಲಿಯವರೆಗೆ ಮುಖವನ್ನೇ ತೋರಿಸದೆ ಸತಾಯಿಸಿದ್ದ ಮೇರಿ ಜೇನ್ (ಮುಂದೆ ಪೀಟರ್‌ನ ಪ್ರೇಯಸಿಯಾಗುವವಳು) 42ನೇ ಸಂಚಿಕೆಯ ಕೊನೆಗೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳಲ್ಲ, ಆ ಒಂದು ಚಿತ್ರ ಸಾಕು.

ನನ್ನ ಪ್ರಕಾರ ಅವರ ಅತ್ಯುತ್ತಮ ಪುಟ 50ನೇ ಸಂಚಿಕೆಯಲ್ಲಿದೆ. ಮಳೆ ಸುರಿಯುತ್ತಿದೆ. ಮುಂದೆ ಕಸದ ಡಬ್ಬಿಯಲ್ಲಿ ನೇತಾಡುವ ಸ್ಪೈಡರ್‌ಮ್ಯಾನ್ ಉಡುಪು, ಹಿಂದೆ ಬೆನ್ನು ತಿರುಗಿಸಿ ಹೋಗುತ್ತಿರುವ ಪೀಟರ್. ಹೊಡೆದಾಟ ಇಲ್ಲವೇ ಇಲ್ಲ. ಖಳನಾಯಕ ಕಿಂಗ್‌ಪಿನ್ ಮೊದಲು ಬಂದದ್ದೂ ಇದೇ ಸಂಚಿಕೆಯಲ್ಲಿ.

1973ರಲ್ಲಿ ರೊಮಿಟಾ ಸ್ಪೈಡರ್‌ಮ್ಯಾನ್ ಪ್ರಕಾಶಕ ಸಂಸ್ಥೆ ಮಾರ್ವೆಲ್‌ನ ಕಲಾ ನಿರ್ದೇಶಕರಾದರು. ಮಾರ್ವೆಲ್‌ನ ಇನ್ನೊಬ್ಬ ನಾಯಕ ವುಲ್ವರಿನ್‌ನ ಮೊದಲ ಉಡುಪು ಇವರದೇ ವಿನ್ಯಾಸ. ಮಾರ್ವೆಲ್‌ನದೇ ಪಾತ್ರ ಪನಿಶರ್‌ಗೆ ಲೇಖಕ ಜೆರಿ ಕಾನ್ವೇ ಎದೆಯ ಒಂದು ಬದಿಗೆ ಪುಟ್ಟ ತಲೆಬುರುಡೆ ಬರೆದುಕೊಟ್ಟಿದ್ದರು. ರೊಮಿಟಾ ಅದನ್ನು ಇಡೀ ಎದೆಗೆ ಹಿಗ್ಗಿಸಿದರು. ಈಗ ಅದಿಲ್ಲದೆ ಪನಿಶರ್ ಯಾರು ಅಂತ ಗುರುತೇ ಸಿಗಲ್ಲ, ಅಲ್ವಾ?

2023ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗ ಜಾನ್ ರೊಮಿಟಾ ಜೂನಿಯರ್ ಕೂಡ ಹೆಸರಾಂತ ಸ್ಪೈಡರ್‌ಮ್ಯಾನ್ ಚಿತ್ರಕಾರರೇ. ಓದೋದಾದ್ರೆ 39ರಿಂದ 50ರವರೆಗೆ ಒಂದೇ ಸಲ ಓದಿ.