ಮಾರಿಯೋ ಟ್ಯೂನ್ ಮಾಡಿದವರು ಸಂಬಳದ ನೌಕರರು

ನೀವು ಕೇಳಿದ್ದು ಇದು: ಜಪಾನಿನಲ್ಲಿ ವಿಡಿಯೋ ಗೇಮ್‌ಗೆ ಸಂಗೀತ ಮಾಡುವವರು ನಮ್ಮ ಸಿನಿಮಾ ಸಂಗೀತ ನಿರ್ದೇಶಕರ ಥರ ಒಂದೊಂದು ಗೇಮ್ ಒಪ್ಪಿಕೊಂಡು ಮಾಡ್ತಾರಾ, ಇಲ್ಲ ಕಂಪನಿಯಲ್ಲಿ ಕೆಲಸಕ್ಕೆ ಇರ್ತಾರಾ?

ಎರಡೂ ಉಂಟು. ಫೈನಲ್ ಫ್ಯಾಂಟಸಿ ಗೇಮ್‌ಗಳಿಗೆ ಸಂಗೀತ ಮಾಡಿದ ನೊಬುವೊ ಉಯೆಮಾಟ್ಸು ಬಹಳ ವರ್ಷ ಕಂಪನಿಯಲ್ಲಿದ್ದು 2004ರಲ್ಲಿ ಹೊರಬಂದು ಸ್ವಂತವಾಗಿ ಮಾಡತೊಡಗಿದರು. ಆದರೆ ನಾನು ಹೇಳಬೇಕೆಂದಿರುವುದು ಕೋಜಿ ಕೊಂಡೊ ಬಗ್ಗೆ. ಸೂಪರ್ ಮಾರಿಯೋ, ಝೆಲ್ಡಾ ಎರಡೂ ಗೇಮ್‌ಗಳಿಗೆ ಸಂಗೀತ ಅವರದೇ. 1984ರಲ್ಲಿ ಕ್ಯೋಟೊದ ಗೇಮ್ ಕಂಪನಿ ನಿಂಟೆಂಡೊ ಸೇರಿದವರು ಮತ್ತೆ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗಲೇ ಇಲ್ಲ.

ನಾನು ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು, ಹಾಗಾಗಿ ನನ್ನ ಲೆಕ್ಕ ಸ್ವಲ್ಪ ಕೀಬೋರ್ಡಿನ ಕಡೆಗೇ ವಾಲುತ್ತದೆ. ಕೊಂಡೊ ಹುಟ್ಟಿದ್ದು 1961ರಲ್ಲಿ, ನಗೋಯಾದಲ್ಲಿ. ಐದನೇ ವಯಸ್ಸಿಗೇ ಎಲೆಕ್ಟೋನ್ ಕಲಿಯೋಕೆ ಶುರು ಮಾಡಿದರು. ಎಲೆಕ್ಟೋನ್ ಅಂದರೆ ಯಮಾಹಾದ ಎಲೆಕ್ಟ್ರಾನಿಕ್ ಆರ್ಗನ್: ಎರಡು ಸಾಲು ಕೀ, ಕಾಲಲ್ಲಿ ಬೇಸ್ ಪೆಡಲ್. ಒಬ್ಬನೇ ಕೂತು ಇಡೀ ಬ್ಯಾಂಡ್ ನುಡಿಸಿದ ಹಾಗೆ. ಓದಿದ್ದು ಒಸಾಕಾದ ಕಲಾ ವಿಶ್ವವಿದ್ಯಾಲಯದಲ್ಲಿ. ಕೊನೆಯ ವರ್ಷದಲ್ಲಿದ್ದಾಗ, ಗೇಮ್‌ಗೆ ಸಂಗೀತ ಮಾಡುವವರು ಬೇಕು ಅಂತ ನಿಂಟೆಂಡೊದಿಂದ ಕಾಲೇಜಿಗೆ ಪ್ರಕಟಣೆ ಬಂತು. ಡೆಮೊ ಟೇಪ್ ಕೂಡ ಕೊಡದೆ ಕೆಲಸ ಸಿಕ್ಕಿತು. ಈಗಿನ ಕಾಲದಲ್ಲಿ ಇದನ್ನು ಯಾರಾದರೂ ನಂಬ್ತಾರಾ!

ಸೇರಿದ ಮರುವರ್ಷವೇ, 1985ರಲ್ಲಿ, ಸೂಪರ್ ಮಾರಿಯೋ ಬ್ರದರ್ಸ್. ಇಡೀ ಗೇಮ್ 40 ಕಿಲೋಬೈಟ್. ಚಿತ್ರ, ಆಟ, ಸಂಗೀತ ಎಲ್ಲ ಅದರೊಳಗೇ ಹಿಡಿಸಬೇಕು. ಸಂಗೀತಕ್ಕೆ ಅವರು ಬಳಸಿದ್ದು ನಾಲ್ಕೇ ದನಿ: ಎರಡು ರಾಗಕ್ಕೆ, ಒಂದು ಬೇಸ್‌ಗೆ, ಇನ್ನೊಂದು ಬರೀ 'ಸ್ಸ್' ಅನ್ನುವ ಸದ್ದು, ಅದೇ ಡ್ರಮ್ಸ್. ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಟೀವಿಗೆ ಸಿಕ್ಕಿಸಿದ ನಕಲಿ ಗೇಮ್ ಸೆಟ್ಟಿನಲ್ಲಿ ಇದನ್ನು ಸಾವಿರ ಸಲ ಕೇಳಿದ್ದೀನಿ. ಆದರೆ ಕೂತು ಸ್ವರ ಬಿಡಿಸಿ ನುಡಿಸೋಕೆ ಹೋದಾಗಲೇ ಒಂದು ವಿಷಯ ಕಿವಿಗೆ ಬಿದ್ದದ್ದು. ಮಾರಿಯೋ ಹಾರಿದಾಗ ಬರುವ ಸದ್ದಿಗೆ ಅಂತ ಬೇರೆ ದನಿ ಇಲ್ಲ, ಅದು ಸಂಗೀತದ ಒಂದು ದನಿಯನ್ನೇ ಕಿತ್ತುಕೊಳ್ಳುತ್ತದೆ. ಆ ಕ್ಷಣ ಜೊತೆಸ್ವರ ನಿಂತುಹೋಗಿ ಆಮೇಲೆ ವಾಪಸ್ ಬರುತ್ತದೆ. ಆಡುವ ಹುಡುಗರಿಗೆ ಅದು ಗೊತ್ತೇ ಆಗಲ್ಲ, ಯಾಕಂದ್ರೆ ಒಂದು ದನಿ ಹೋದರೂ ಹಾಡು ಬೀಳದ ಹಾಗೆ ಅದನ್ನು ಕಟ್ಟಿದ್ದಾರೆ.

ಶುರುವಾಗೋದು ಹೀಗೆ, ಸ ಅನ್ನು ಸಿ ಕೀಯಲ್ಲಿಟ್ಟುಕೊಂಡರೆ: ಗ ಗ, ಗ, ಸ ಗ, ಪ, ಆಮೇಲೆ ಕೆಳಗಿನ ಪ. ಇಷ್ಟೇ. ಎಲ್ಲಿ ನುಡಿಸಿದರೂ ಜನ ತಿರುಗಿ ನೋಡ್ತಾರೆ. ಆದರೆ ಕೊಂಡೊ ಮೊದಲು ಮಾಡಿದ್ದು ಇದಲ್ಲ, ಇನ್ನೂ ನಿಧಾನದ, ಆರಾಮಾಗಿ ನಡೆಯುವಂಥ ಟ್ಯೂನ್. ಗೇಮ್ ಆಡಿ ನೋಡಿದಾಗ ಮಾರಿಯೋ ಓಡುವುದಕ್ಕೂ ಹಾರುವುದಕ್ಕೂ ಅದು ಹೊಂದಲಿಲ್ಲ, ಎತ್ತಿಟ್ಟು ಬೇರೆಯದು ಮಾಡಿದರು. ನನ್ನ ಪ್ರಕಾರ ಅವರ ವೃತ್ತಿಯ ಗುಟ್ಟೆಲ್ಲ ಇಲ್ಲೇ ಇದೆ. ಅವರು ತಾಳ ಹಾಕೋದು ಆಡುವವನ ಬೆರಳಿಗೆ. ನೀರಿನೊಳಗಿನ ಹಂತಕ್ಕೆ ವಾಲ್ಟ್ಜ್ ನಡೆ, ಅಂದರೆ ಮೂರು ಎಣಿಕೆಯ ತೂಗಾಡುವ ನಡೆ, ಹಾಕಿದ್ದೂ ಅದಕ್ಕೇ, ಅಲ್ಲಿ ಮಾರಿಯೋ ತೇಲ್ತಾ ಇರ್ತಾನಲ್ವಾ.

1986ರ ಮೊದಲ ಝೆಲ್ಡಾ ಕಥೆ ಇನ್ನೂ ಮಜಾ. ಅದರ ಶುರುವಿಗೆ ಫ್ರಾನ್ಸಿನ ರವೆಲ್ ಬರೆದ ಆರ್ಕೆಸ್ಟ್ರಾ ಕೃತಿ 'ಬೊಲೆರೊ' ಹಾಕುವುದು ಅಂತ ತೀರ್ಮಾನವಾಗಿತ್ತು. ರವೆಲ್ ತೀರಿಕೊಂಡದ್ದು 1937ರಲ್ಲಿ, ಆ ಕೃತಿಯ ಹಕ್ಕು (ಕಾಪಿರೈಟ್) ಮುಗಿಯೋಕೆ ಇನ್ನೂ ಸ್ವಲ್ಪ ಕಾಲ ಬಾಕಿ ಇದೆ ಅಂತ ಗೊತ್ತಾದದ್ದು ಗೇಮ್ ಹೆಚ್ಚುಕಮ್ಮಿ ಮುಗಿದ ಮೇಲೆ. ಕೊಂಡೊ ಒಂದೇ ದಿನದಲ್ಲಿ ತಮ್ಮದೇ ಟ್ಯೂನ್ ಮಾಡಿ ಕೊಟ್ಟರು. ಈಗ ಝೆಲ್ಡಾ ಅಂದ ಕೂಡಲೇ ನೆನಪಾಗೋದು ಆ ಟ್ಯೂನೇ. ಆ ಗೇಮ್ ಮುಗಿದಾಗ ಪರದೆ ಮೇಲೆ ಬರುವ ಹೆಸರುಗಳಲ್ಲಿ ಅವರ ನಿಜವಾದ ಹೆಸರು ಸಹ ಇಲ್ಲ, 'ಕೊನ್‌ಚಾನ್' ಅಂತಿದೆ. ನಮ್ಮಲ್ಲಿ ಮನೆಯವರು ಕರೆಯುವ ಹೆಸರಿನ ಥರ.

ಮುಂದೆ ಯಂತ್ರಗಳು ದೊಡ್ಡದಾದವು, ಆಟದ ಜೊತೆ ಸಂಗೀತವನ್ನು ಹೆಣೆಯುವ ಈ ಚಟವೂ ಬೆಳೆಯಿತು. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಮಾರಿಯೋ ಸವಾರಿ ಮಾಡುವ ಡೈನೋಸಾರ್ ಯೋಶಿಯ ಬೆನ್ನೇರಿದ ತಕ್ಷಣ ಅದೇ ಹಾಡಿಗೆ ಬೊಂಗೊ ಡ್ರಮ್ ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. 1998ರ ಝೆಲ್ಡಾ, ಒಕರಿನಾ ಆಫ್ ಟೈಮ್, ಅದರಲ್ಲಿ ಆಡುವವನೇ ಕೊಳಲಿನಂಥ ವಾದ್ಯ ನುಡಿಸಬೇಕು. ಅದಕ್ಕೆ ಇರೋದು ಐದು ಬಟನ್, ಐದು ಸ್ವರ. ನಮ್ಮ ಲೆಕ್ಕದಲ್ಲಿ ಸ, ಕೋಮಲ ಗ, ಪ, ಧ, ಮೇಲಿನ ಸ. ಸರಿಯಾ ಎಂಬ ಕಾಡಿನ ಹುಡುಗಿ ಕಲಿಸುವ ಹಾಡು 'ಗ ಪ ಧ, ಗ ಪ ಧ', ಅಷ್ಟೇ! ಐದೇ ಸ್ವರ ಕೊಟ್ಟು ಹನ್ನೆರಡು ಹಾಡು ಮಾಡಿ, ಒಂದರಂತೆ ಇನ್ನೊಂದು ಇರಬಾರದು ಅಂದರೆ ನಾನಂತೂ ಮೂರನೆಯದಕ್ಕೇ ಕೈ ಎತ್ತುತ್ತಿದ್ದೆ.

ಮಿಕ್ಕದ್ದು ಬೇಗ ಹೇಳಿಬಿಡ್ತೀನಿ. ಆಮೇಲೆ ಕೊಂಡೊಗೆ ಕಿರಿಯರ ಕೆಲಸ ನೋಡಿಕೊಳ್ಳುವುದು ಜಾಸ್ತಿಯಾಗಿ, ತಾವೇ ಬರೆಯುವುದು ಕಡಿಮೆಯಾಯಿತು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರಿಯೋ ಟ್ಯೂನನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಸಂಬಳದ ಕೆಲಸವಾದರೆ ಕಲೆ ಸಾಯುತ್ತೆ ಅನ್ನೋರು ನಮ್ಮ ಬಳಗದಲ್ಲೂ ಇದ್ದಾರೆ. ಎರಡು ವರ್ಷದ ಹಿಂದಿನ ಒಂದು ಕಾರ್ಯಕ್ರಮದ ದುಡ್ಡು ಇನ್ನೂ ಕೈಗೆ ಬರದ ನಾನು ಆ ಮಾತಿಗೆ ತಲೆ ಆಡಿಸಲ್ಲ. ಗೇಮ್ ತಯಾರಾಗುವ ಜಾಗದಲ್ಲೇ ಕೂತು, ದಿನಾ ಆಡಿ ನೋಡಿ, ಸರಿಹೋಗದಿದ್ದರೆ ಬಿಸಾಕಿ ಮತ್ತೆ ಮಾಡೋಕೆ ಕೊಂಡೊಗೆ ಆಗಿದ್ದು ಅಲ್ಲಿ ಕೆಲಸಕ್ಕಿದ್ದದ್ದರಿಂದಲೇ.

ಕೇಳಬೇಕು ಅನಿಸಿದರೆ ಯೂಟ್ಯೂಬಿನಲ್ಲಿ ಬರೀ ಹಾಡು ಹಾಕಿಕೊಂಡು ಕೇಳಬೇಡಿ, ಆಡ್ತಾ ಕೇಳಿ. ಒಕರಿನಾ ಆಫ್ ಟೈಮ್ ಸಿಕ್ಕರೆ ಅದರೊಳಗೆ ಹಗಲು ಹೊತ್ತಲ್ಲಿ ಹೈರೂಲ್ ಅನ್ನುವ ಬಯಲಿಗೆ ಹೋಗಿ. ಅಲ್ಲಿನ ಸಂಗೀತ ಎಂಟೆಂಟು ಬಾರ್‌ಗಳ (ನಮ್ಮ ತಾಳದ ಆವರ್ತದ ಥರ) ಚಿಕ್ಕ ತುಂಡುಗಳಲ್ಲಿದೆ, ಯಂತ್ರ ಅದನ್ನು ಬೇರೆ ಬೇರೆ ಸಾಲಿನಲ್ಲಿ ಜೋಡಿಸುತ್ತಾ ಹೋಗುತ್ತದೆ. ಸ್ವಲ್ಪ ದೂರ ಓಡಿ, ಆಮೇಲೆ ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ನಿಂತುಬಿಡಿ. ಕೆಲವು ಕ್ಷಣದಲ್ಲೇ ಸಂಗೀತವೂ ತಣ್ಣಗಾಗುತ್ತದೆ.